‘9 ರೂಪಾಯಿ ಷೇರು 900 ಆಗುತ್ತೆ’: ಇಂಥ ಫಾರ್ವರ್ಡ್ ಬಂದಾಗ ಕಂಪನಿಯನ್ನು ಓದುವುದು ಹೇಗೆ?

“ಈಗಲೇ ತಗೊಳ್ಳಿ. 9 ರೂಪಾಯಿ ಇರೋ ಈ ಷೇರು ಮೂರು ವರ್ಷದಲ್ಲಿ 900 ಆಗುತ್ತೆ. ಕಂಪನಿಗೆ ಭಾರಿ ಆರ್ಡರ್ ಸಿಕ್ಕಿದೆ, ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮ ಎಲ್ಲಾ ಗ್ರೂಪ್‌ಗಳಿಗೂ ಕಳಿಸಿ.”

ದಾವಣಗೆರೆಯ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿ, “ಇದು ನಿಜವೇ, ಸುಳ್ಳೇ ಹೇಳಿ” ಎಂದು ಕೇಳಿದ್ದರು. ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟ 80 ಸಾವಿರ ರೂಪಾಯಿ ಅವರ ಬಳಿ ಇತ್ತು. ಮನೆಯ ಗ್ರೂಪ್‌ಗೆ ಫಾರ್ವರ್ಡ್ ಹಾಕಿದವರು ಅವರ ಭಾವ. ಮನೆಗೆ ಹಿರಿಯರು, ತಾವೂ ದುಡ್ಡು ಹಾಕಿದವರು. “ಅವರಿಗೆ ಎದುರು ಹೇಳೋಕೆ ಆಗಲ್ಲ. ಸುಮ್ಮನಿರೋಕೂ ಆಗ್ತಿಲ್ಲ” ಎಂದು ಅವರು ಬರೆದಿದ್ದರು.

ನಿಂಬೆರಸದಿಂದ ಕಾಯಿಲೆ ವಾಸಿಯಾಗುತ್ತದೆ ಎಂಬ ಸಂದೇಶ ಬಂದರೆ ನಾವು ವೈದ್ಯಕೀಯ ಪುರಾವೆ ಹುಡುಕಿ ‘ಸುಳ್ಳು’ ಎಂದು ಹೇಳಬಹುದು. ಆದರೆ ‘ಈ ಷೇರು ಏರುತ್ತದೆ’ ಎಂಬುದು ಭವಿಷ್ಯದ ಮಾತು. ಅದಕ್ಕೆ ನಿಜ, ಸುಳ್ಳು ಎಂಬ ಮುದ್ರೆ ಒತ್ತಲು ಯಾರಿಂದಲೂ ಆಗುವುದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಕಂಪನಿ ಲಾಭ ಮಾಡುತ್ತಿದೆಯೇ, ಸಾಲ ಎಷ್ಟಿದೆ, ಹೇಳಿದ ಆರ್ಡರ್ ನಿಜಕ್ಕೂ ಬಂದಿದೆಯೇ ಎಂಬುದನ್ನೆಲ್ಲ ಇಂದೇ, ಮೊಬೈಲಿನಲ್ಲೇ, ಒಂದು ಪೈಸೆ ಖರ್ಚಿಲ್ಲದೆ ಪರಿಶೀಲಿಸಬಹುದು. ಈ ಪರಿಶೀಲನೆಗೇ ಷೇರುಪೇಟೆಯವರು ಫಂಡಮೆಂಟಲ್ ಅನಾಲಿಸಿಸ್ ಎನ್ನುತ್ತಾರೆ. ಅದರ ಮೊದಲ ಪಾಠಗಳನ್ನು ಇಲ್ಲಿ ನೋಡೋಣ.

ಮೊದಲೇ ಒಂದು ಮಾತು: ಇದು ಯಾವುದೇ ಷೇರು ಕೊಳ್ಳಿ ಅಥವಾ ಮಾರಿ ಎಂಬ ಸಲಹೆಯಲ್ಲ. ಇಲ್ಲಿ ಹೆಸರಿಸಿದ ಕಂಪನಿಗಳು ಕೇವಲ ಉದಾಹರಣೆಗಾಗಿ.

ಷೇರು ಎಂದರೆ ಅಂಗಡಿಯಲ್ಲೊಂದು ಪಾಲು

ನಿಮ್ಮ ಬೀದಿಯ ದರ್ಶಿನಿ ಹೋಟೆಲಿನ ಮಾಲೀಕರು ಬಂದು, “ನನ್ನ ಹೋಟೆಲಿನಲ್ಲಿ ಪಾಲು ಕೊಡ್ತೀನಿ, ದುಡ್ಡು ಹಾಕಿ” ಎಂದರು ಅಂದುಕೊಳ್ಳಿ. ನೀವು ತಕ್ಷಣ ಜೇಬಿಗೆ ಕೈ ಹಾಕುವುದಿಲ್ಲ. ದಿನಕ್ಕೆ ವ್ಯಾಪಾರ ಎಷ್ಟು, ಬಾಡಿಗೆ ಎಷ್ಟು, ಸಾಲ ಇದೆಯಾ, ಕೊನೆಗೆ ಉಳಿಯುವುದೆಷ್ಟು ಎಂದು ಕೇಳುತ್ತೀರಿ. ಪಕ್ಕದಲ್ಲಿ ಇನ್ನೊಂದು ಹೋಟೆಲ್ ಬರುತ್ತಿದೆಯಾ ಎಂದೂ ವಿಚಾರಿಸುತ್ತೀರಿ.

ಷೇರು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳೂ ಇವೇ. ಷೇರು ಎಂದರೆ ಕಂಪನಿಯಲ್ಲಿ ಒಂದು ಚಿಕ್ಕ ಪಾಲು. ಎದುರಿಗೆ ಹೋಟೆಲಿನ ಬದಲು ಆ್ಯಪ್‌ನ ಪರದೆ, ಅದರಲ್ಲಿ ಕೆಂಪು-ಹಸಿರು ಗೆರೆ ಕಾಣುವುದರಿಂದ ನಾವು ಈ ಪ್ರಶ್ನೆಗಳನ್ನು ಮರೆತುಬಿಡುತ್ತೇವೆ. ಹತ್ತು ಸಾವಿರದ ಮಿಕ್ಸಿಗೆ ನಾಲ್ಕು ಅಂಗಡಿ ಸುತ್ತುವವರು, ಐವತ್ತು ಸಾವಿರದ ಷೇರನ್ನು ಎರಡು ನಿಮಿಷದಲ್ಲಿ ಕೊಂಡುಬಿಡುತ್ತಾರೆ.

ತಪ್ಪುಕಲ್ಪನೆ 1: ‘9 ರೂಪಾಯಿ ಷೇರು ಅಗ್ಗ, ಲಕ್ಷ ರೂಪಾಯಿ ಷೇರು ದುಬಾರಿ’

ಹೊಸಬರನ್ನು ಅತಿ ಹೆಚ್ಚು ಬೀಳಿಸುವ ಹಳ್ಳ ಇದು. 2023ರ ಜೂನ್ 13ರಂದು ಟೈರ್ ತಯಾರಿಸುವ ಎಂಆರ್‌ಎಫ್ ಕಂಪನಿಯ ಒಂದು ಷೇರಿನ ಬೆಲೆ 1 ಲಕ್ಷ ರೂಪಾಯಿ ದಾಟಿತು. ಅದೇ ಹೊತ್ತಿನಲ್ಲಿ ವೊಡಾಫೋನ್ ಐಡಿಯಾದ ಷೇರು 7ರಿಂದ 8 ರೂಪಾಯಿಗೆ ಸಿಗುತ್ತಿತ್ತು. ಯಾವುದು ‘ಚಿಕ್ಕ’ ಕಂಪನಿ ಎಂದು ಕೇಳಿದರೆ ಹೆಚ್ಚಿನವರು ಎರಡನೆಯದನ್ನು ತೋರಿಸುತ್ತಿದ್ದರು.

ಲೆಕ್ಕ ಹಾಕಿ ನೋಡೋಣ. ಎಂಆರ್‌ಎಫ್‌ನ ಒಟ್ಟು ಷೇರುಗಳು ಸುಮಾರು 42.4 ಲಕ್ಷ ಮಾತ್ರ. ಒಂದಕ್ಕೆ ಲಕ್ಷ ರೂಪಾಯಿಯಂತೆ ಇಡೀ ಕಂಪನಿಗೆ ಪೇಟೆ ಕಟ್ಟಿದ ಬೆಲೆ ಸುಮಾರು 42,400 ಕೋಟಿ ರೂಪಾಯಿ. ವೊಡಾಫೋನ್ ಐಡಿಯಾದ ಷೇರುಗಳು ಆಗ ಸುಮಾರು 4,868 ಕೋಟಿ ಇದ್ದವು. 7ರಿಂದ 8 ರೂಪಾಯಿಯಂತೆ ಆ ಕಂಪನಿಯ ಬೆಲೆ 34 ಸಾವಿರದಿಂದ 39 ಸಾವಿರ ಕೋಟಿ. ಅಂದರೆ ಒಂದು ಷೇರಿನ ಬೆಲೆಯಲ್ಲಿ ಹತ್ತು ಸಾವಿರ ಪಟ್ಟಿಗಿಂತ ಹೆಚ್ಚಿನ ಅಂತರ, ಇಡೀ ಕಂಪನಿಯ ಬೆಲೆಯಲ್ಲಿ ಅಲ್ಪ ಅಂತರ.

ಈಗ ಗಳಿಕೆ ನೋಡಿ. 2022-23ರಲ್ಲಿ ಎಂಆರ್‌ಎಫ್ ಸುಮಾರು 769 ಕೋಟಿ ರೂಪಾಯಿ ಲಾಭ ಮಾಡಿತ್ತು. ವೊಡಾಫೋನ್ ಐಡಿಯಾ ಅದೇ ವರ್ಷ ಸುಮಾರು 29,300 ಕೋಟಿ ರೂಪಾಯಿ ನಷ್ಟ ತೋರಿಸಿತ್ತು. ಹಾಗಾದರೆ ಅಗ್ಗ ಯಾವುದು, ದುಬಾರಿ ಯಾವುದು? ಒಂದು ಷೇರಿನ ಬೆಲೆ ಮಾತ್ರ ನೋಡಿ ಉತ್ತರ ಹೇಳಲು ಸಾಧ್ಯವೇ ಇಲ್ಲ.

ಒಂದು ದೋಸೆಯನ್ನು ಎರಡು ತುಂಡು ಮಾಡಿದರೂ, ಇಪ್ಪತ್ತು ತುಂಡು ಮಾಡಿದರೂ ದೋಸೆ ಅಷ್ಟೇ. ಎಂಆರ್‌ಎಫ್ ತನ್ನ ಷೇರನ್ನು ತುಂಡು ಮಾಡಿಲ್ಲ, ಹಾಗಾಗಿ ಒಂದೊಂದು ತುಂಡೂ ದೊಡ್ಡದು. ‘ಬೋನಸ್ ಷೇರು ಕೊಡ್ತಾರಂತೆ, ದುಡ್ಡು ಡಬಲ್’ ಎಂಬ ಫಾರ್ವರ್ಡ್‌ಗೂ ಇದೇ ಉತ್ತರ. ಒಂದಕ್ಕೆ ಒಂದು ಬೋನಸ್ ಕೊಟ್ಟರೆ ನಿಮ್ಮ ಷೇರಿನ ಸಂಖ್ಯೆ ಎರಡರಷ್ಟಾಗುತ್ತದೆ, ಒಂದೊಂದರ ಬೆಲೆ ಅರ್ಧಕ್ಕೆ ಇಳಿಯುತ್ತದೆ. ತಟ್ಟೆಯಲ್ಲಿರುವ ದೋಸೆ ಹೆಚ್ಚಾಗಿಲ್ಲ.

ತಪ್ಪುಕಲ್ಪನೆ 2: ‘ಎಲ್ಲರಿಗೂ ಗೊತ್ತಿರುವ ಹೆಸರು, ಹಾಗಾಗಿ ಒಳ್ಳೆಯ ಕಂಪನಿ’

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹೆಸರು ಕೇಳದವರು ಒಂದು ಕಾಲಕ್ಕೆ ಇರಲಿಲ್ಲ. 2005ರಲ್ಲಿ ಹಾರಾಟ ಶುರುವಾಯಿತು. ಹೊಸ ವಿಮಾನ, ಒಳ್ಳೆಯ ಊಟ, ಎಲ್ಲೆಲ್ಲೂ ಜಾಹೀರಾತು. ಪ್ರಯಾಣಿಕರಿಗೆ ಖುಷಿಯೋ ಖುಷಿ.

ಕಂಪನಿಯ ಲೆಕ್ಕಪತ್ರ ಮಾತ್ರ ಬೇರೆಯದೇ ಕಥೆ ಹೇಳುತ್ತಿತ್ತು. 2008-09ರಲ್ಲಿ ಸುಮಾರು 1,609 ಕೋಟಿ, 2009-10ರಲ್ಲಿ 1,647 ಕೋಟಿ, 2010-11ರಲ್ಲಿ 1,027 ಕೋಟಿ, 2011-12ರಲ್ಲಿ 2,328 ಕೋಟಿ ರೂಪಾಯಿ ನಷ್ಟ. ಬ್ಯಾಂಕುಗಳ ಸಾವಿರಾರು ಕೋಟಿ ಸಾಲ ಮೇಲೆ. 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಷೇರು ಹಿಡಿದವರ ಕೈಯಲ್ಲಿ ಉಳಿದದ್ದು ಹೆಸರು ಮಾತ್ರ.

ಈ ನಷ್ಟದ ಅಂಕಿಗಳು ಗುಟ್ಟಾಗಿರಲಿಲ್ಲ. ಪ್ರತಿ ವರ್ಷ ಪ್ರಕಟವಾಗುತ್ತಿದ್ದವು, ಪತ್ರಿಕೆಗಳಲ್ಲೂ ಬರುತ್ತಿದ್ದವು. ಒಳ್ಳೆಯ ಸೇವೆ ಕೊಡುವ ಕಂಪನಿಯೂ ದುಡ್ಡು ಕಳೆದುಕೊಳ್ಳಬಹುದು ಎಂಬುದನ್ನು ನೆನಪಿಡಿ. ಗ್ರಾಹಕರಾಗಿ ನಮಗೆ ಇಷ್ಟವಾಗುವುದು ಒಂದು, ಪಾಲುದಾರರಾಗಿ ನಮಗೆ ಲಾಭವಾಗುವುದು ಇನ್ನೊಂದು.

ತಪ್ಪುಕಲ್ಪನೆ 3: ‘ಆಗ ಇನ್ಫೋಸಿಸ್ ತಗೊಂಡಿದ್ದರೆ ಇವತ್ತು ಕೋಟ್ಯಧಿಪತಿ’

ಈ ಬಗೆಯ ಫಾರ್ವರ್ಡ್ ವರ್ಷಕ್ಕೆ ನಾಲ್ಕು ಸಲ ಸುತ್ತು ಹೊಡೆಯುತ್ತದೆ. ಇನ್ಫೋಸಿಸ್, ವಿಪ್ರೋ, ಬುಲೆಟ್ ಬೈಕಿನ ಬದಲು ಐಷರ್ ಕಂಪನಿಯ ಷೇರು ಹೀಗೆ ಹೆಸರು ಬದಲಾಗುತ್ತದೆ, ಕಥೆ ಒಂದೇ. ಇದರಲ್ಲಿ ಸುಳ್ಳೇನೂ ಇಲ್ಲ. 1993ರಲ್ಲಿ ಇನ್ಫೋಸಿಸ್ ತನ್ನ ಷೇರನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ 95 ರೂಪಾಯಿಗೆ ಕೊಟ್ಟಿದ್ದು ನಿಜ. ಆಗ ಕೊಂಡು ಇಲ್ಲಿಯವರೆಗೆ ಹಿಡಿದವರು ಶ್ರೀಮಂತರಾಗಿದ್ದೂ ನಿಜ.

ಫಾರ್ವರ್ಡ್ ಹೇಳದೇ ಬಿಡುವ ಎರಡು ಸಂಗತಿಗಳಿವೆ. ಒಂದು, ಆಗ ಆ ಷೇರಿಗೆ ಜನ ಮುಗಿಬಿದ್ದಿರಲಿಲ್ಲ. ಕೊಡಲಿಟ್ಟ ಷೇರುಗಳಿಗೆ ಪೂರ್ತಿ ಅರ್ಜಿಯೇ ಬಂದಿರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ವಿದೇಶಿ ಸಂಸ್ಥೆ ಶೇ 13ರಷ್ಟು ಪಾಲು ಕೊಂಡಿದ್ದರಿಂದ ಕೆಲಸ ನಡೆಯಿತು. ಇಂದು ಕಾಣುವಷ್ಟು ಸುಲಭದ ಆಯ್ಕೆ ಅಂದು ಅದಾಗಿರಲಿಲ್ಲ.

ಎರಡು, ಅದೇ 1990ರ ದಶಕದಲ್ಲಿ ಜನರಿಂದ ಹಣ ಎತ್ತಿ ವಿಳಾಸವೇ ಇಲ್ಲದಂತೆ ಮಾಯವಾದ ಕಂಪನಿಗಳು ನೂರಾರು. ಸರ್ಕಾರಿ ಕಡತಗಳಲ್ಲಿ ಅವಕ್ಕೆ ‘ವ್ಯಾನಿಶಿಂಗ್ ಕಂಪನಿ’, ಅಂದರೆ ಕಣ್ಮರೆಯಾದ ಕಂಪನಿ, ಎಂಬ ಹೆಸರೇ ಇದೆ. ಅವುಗಳಲ್ಲಿ ಹಣ ಕಳೆದುಕೊಂಡವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿ ಸೋತವರನ್ನು ಬಿಟ್ಟರೆ ಆಟ ಸುಲಭ ಎನಿಸುತ್ತದೆ. ಲಾಟರಿ ಅಂಗಡಿಯ ಮುಂದೆ ಬಹುಮಾನ ಬಂದವರ ಫೋಟೊ ಮಾತ್ರ ತೂಗುಹಾಕುತ್ತಿದ್ದುದು ಇದೇ ಕಾರಣಕ್ಕೆ.

ಮೂರು ಪಟ್ಟಿಗಳನ್ನು ಓದುವುದು

ಈಗ ಕಲಿಕೆಗೆ ಬರೋಣ. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯೂ ಮೂರು ಮುಖ್ಯ ಪಟ್ಟಿಗಳನ್ನು ಪ್ರಕಟಿಸಬೇಕು. ನಮ್ಮ ದರ್ಶಿನಿಯನ್ನೇ ಇಟ್ಟುಕೊಂಡು ಅವನ್ನು ಅರ್ಥ ಮಾಡಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ನಾವೇ ಇಟ್ಟುಕೊಂಡವು.

ಲಾಭ-ನಷ್ಟದ ಪಟ್ಟಿ: ವರ್ಷದ ವ್ಯಾಪಾರ 60 ಲಕ್ಷ. ಅಕ್ಕಿ, ಉದ್ದಿನಬೇಳೆ, ಗ್ಯಾಸ್, ಬಾಡಿಗೆ, ಸಂಬಳ ಸೇರಿ ಖರ್ಚು 48 ಲಕ್ಷ. ಬ್ಯಾಂಕ್ ಬಡ್ಡಿ 2 ಲಕ್ಷ, ತೆರಿಗೆ 2 ಲಕ್ಷ. ಕೊನೆಗೆ ಉಳಿಯುವ ನಿವ್ವಳ ಲಾಭ 8 ಲಕ್ಷ. ಇಲ್ಲಿ ಒಂದು ವರ್ಷ ನೋಡಿದರೆ ಸಾಲದು, ಕನಿಷ್ಠ ಐದು ವರ್ಷ ನೋಡಿ. ವ್ಯಾಪಾರ ಏರುತ್ತಿದೆಯೇ? ಲಾಭವೂ ಜೊತೆಗೇ ಏರುತ್ತಿದೆಯೇ? ಒಂದು ವರ್ಷ ಮಾತ್ರ ಲಾಭ ದಿಢೀರನೆ ಜಿಗಿದಿದ್ದರೆ ‘ಇತರೆ ಆದಾಯ’ ಎಂಬ ಸಾಲನ್ನು ನೋಡಿ. ಹೋಟೆಲಿನವರು ಪಕ್ಕದ ಸೈಟು ಮಾರಿ ಬಂದ ದುಡ್ಡನ್ನೂ ಲಾಭಕ್ಕೆ ಸೇರಿಸಿರಬಹುದು. ಸೈಟು ಪ್ರತಿ ವರ್ಷ ಮಾರಲಾಗುವುದಿಲ್ಲ.

ಆಸ್ತಿ-ಹೊಣೆಯ ಪಟ್ಟಿ, ಅಂದರೆ ಬ್ಯಾಲೆನ್ಸ್ ಶೀಟ್: ಒಂದು ನಿರ್ದಿಷ್ಟ ದಿನ ಕಂಪನಿಯ ಬಳಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಎಂಬ ಚಿತ್ರ ಇದು. ದರ್ಶಿನಿಯಲ್ಲಿ ಮಾಲೀಕರ ಸ್ವಂತ ಬಂಡವಾಳ 40 ಲಕ್ಷ, ಬ್ಯಾಂಕ್ ಸಾಲ 20 ಲಕ್ಷ ಎನ್ನೋಣ. ಸ್ವಂತ ಹಣ ಒಂದು ರೂಪಾಯಿಗೆ ಸಾಲ ಐವತ್ತು ಪೈಸೆ. ಸಾಲ ಇರುವುದೇ ತಪ್ಪಲ್ಲ. ಅದು ಸ್ವಂತ ಹಣಕ್ಕಿಂತ ಎಷ್ಟೋ ಪಟ್ಟು ಬೆಳೆದು, ಲಾಭವೆಲ್ಲ ಬಡ್ಡಿಗೇ ಹೋಗುತ್ತಿದ್ದರೆ ಅಪಾಯ.

ನಗದು ಹರಿವಿನ ಪಟ್ಟಿ, ಅಂದರೆ ಕ್ಯಾಶ್ ಫ್ಲೋ: ಹೊಸಬರು ಬಿಟ್ಟುಬಿಡುವ ಪಟ್ಟಿ ಇದು. ಹತ್ತಿರದ ಆಫೀಸೊಂದು ವರ್ಷವಿಡೀ 10 ಲಕ್ಷದ ತಿಂಡಿಯನ್ನು ಉದ್ರಿ ತರಿಸಿಕೊಂಡು ಇನ್ನೂ ದುಡ್ಡು ಕೊಟ್ಟಿಲ್ಲ ಅಂದುಕೊಳ್ಳಿ. ಪುಸ್ತಕದಲ್ಲಿ ಅದು ವ್ಯಾಪಾರ ಎಂದೇ ಬರೆದಿರುತ್ತದೆ, 8 ಲಕ್ಷ ಲಾಭವೂ ಕಾಣುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಮಾತ್ರ 2 ಲಕ್ಷ ಕೊರತೆ. ‘ಇಂದು ನಗದು, ನಾಳೆ ಉದ್ರಿ’ ಎಂದು ನಮ್ಮ ಅಂಗಡಿಗಳಲ್ಲಿ ಬೋರ್ಡ್ ಹಾಕುವುದು ಸುಮ್ಮನೆ ಅಲ್ಲ. ವರ್ಷ ವರ್ಷವೂ ಲಾಭ ತೋರಿಸುವ ಕಂಪನಿಗೆ ವ್ಯವಹಾರದಿಂದ ನಗದೇ ಬರುತ್ತಿಲ್ಲ ಎಂದಾದರೆ ಅಲ್ಲಿ ಪ್ರಶ್ನೆ ಎದ್ದಿತು ಎಂದೇ ಅರ್ಥ.

ಮೂರು ಅನುಪಾತ, ಮೂರು ಭಾಗಾಕಾರ

ಇಂಗ್ಲಿಷ್ ಹೆಸರು ಕೇಳಿ ಹೆದರಬೇಡಿ. ಇವೆಲ್ಲ ಪ್ರಾಥಮಿಕ ಶಾಲೆಯ ಭಾಗಾಕಾರವೇ.

1. ಪಿ.ಇ. ಅನುಪಾತ: ದರ್ಶಿನಿಯನ್ನು 1,000 ಷೇರಾಗಿ ಹಂಚಿದರೆ ಒಂದು ಷೇರಿಗೆ ಬರುವ ಲಾಭ 800 ರೂಪಾಯಿ. ಷೇರಿನ ಬೆಲೆ 8,000 ಇದ್ದರೆ ಪಿ.ಇ. 10. ಅಂದರೆ ವರ್ಷಕ್ಕೆ ಒಂದು ರೂಪಾಯಿ ಗಳಿಸುವ ವ್ಯವಹಾರಕ್ಕೆ ನೀವು ಹತ್ತು ರೂಪಾಯಿ ಕೊಡುತ್ತಿದ್ದೀರಿ. ಅದೇ ಷೇರಿಗೆ 40,000 ಕೇಳಿದರೆ ಪಿ.ಇ. 50. ಮೇಲೆ ಹೇಳಿದ ಎಂಆರ್‌ಎಫ್‌ನದು ಲಕ್ಷ ದಾಟಿದ ದಿನ, ಹಿಂದಿನ ವರ್ಷದ ಲಾಭದ ಲೆಕ್ಕದಲ್ಲಿ, ಸುಮಾರು 55 ಆಗುತ್ತದೆ. ನಷ್ಟದಲ್ಲಿರುವ ಕಂಪನಿಗೆ ಪಿ.ಇ. ಲೆಕ್ಕವೇ ಇಲ್ಲ, ಭಾಗಿಸಲು ಲಾಭವೇ ಇರುವುದಿಲ್ಲ.

ಪಿ.ಇ. ಕಡಿಮೆ ಇದ್ದರೆ ಒಳ್ಳೆಯದು, ಹೆಚ್ಚಿದ್ದರೆ ಕೆಟ್ಟದ್ದು ಎಂಬ ನಿಯಮವಿಲ್ಲ. ಮುಂದೆ ಲಾಭ ಕುಸಿಯುತ್ತದೆ ಎಂದು ಪೇಟೆಗೆ ಅನುಮಾನ ಬಂದಾಗಲೂ ಪಿ.ಇ. ಇಳಿಯುತ್ತದೆ. ಅದೇ ಉದ್ಯಮದ ಬೇರೆ ಕಂಪನಿಗಳ ಜೊತೆ, ಅದೇ ಕಂಪನಿಯ ಹಿಂದಿನ ವರ್ಷಗಳ ಜೊತೆ ಹೋಲಿಸಿ. ಟೈರ್ ಕಂಪನಿಯನ್ನು ಸಾಫ್ಟ್‌ವೇರ್ ಕಂಪನಿಯ ಜೊತೆ ತೂಗಬೇಡಿ.

2. ಸಾಲ ಮತ್ತು ಸ್ವಂತ ಬಂಡವಾಳದ ಅನುಪಾತ: ದರ್ಶಿನಿಯಲ್ಲಿ 20 ಭಾಗಿಸು 40, ಅಂದರೆ 0.5. ಇದು ಬ್ಯಾಂಕುಗಳಿಗೆ ಹೊಂದುವುದಿಲ್ಲ. ಕೆನರಾ ಬ್ಯಾಂಕ್, ಕರ್ಣಾಟಕ ಬ್ಯಾಂಕ್‌ನಂಥವುಗಳಿಗೆ ಜನರ ಠೇವಣಿಯೇ ಕೊಡಬೇಕಾದ ಬಾಕಿ. ಅದನ್ನು ಪಡೆದು ಸಾಲ ಕೊಡುವುದೇ ಅವರ ಕಸುಬು. ಬ್ಯಾಂಕುಗಳಲ್ಲಿ ಕೊಟ್ಟ ಸಾಲ ವಾಪಸು ಬರುತ್ತಿದೆಯೇ ಎಂದು ನೋಡಬೇಕು. ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಹೆಚ್ಚುತ್ತಿದೆಯೇ ಇಳಿಯುತ್ತಿದೆಯೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ.

3. ಬಂಡವಾಳದ ಮೇಲಿನ ಗಳಿಕೆ: 40 ಲಕ್ಷ ಸ್ವಂತ ಹಣ ಹಾಕಿ 8 ಲಕ್ಷ ಲಾಭ, ಅಂದರೆ ಶೇ 20. ಇದನ್ನು ಆರ್‌ಒಇ ಎನ್ನುತ್ತಾರೆ. ಹಲವು ವರ್ಷಗಳಿಂದ ಇದು ಬ್ಯಾಂಕಿನ ಎಫ್‌ಡಿ ಬಡ್ಡಿಗಿಂತಲೂ ಕಡಿಮೆ ಇದ್ದರೆ, ಇಷ್ಟು ಅಪಾಯ ಹೊತ್ತು ಅಲ್ಲಿ ದುಡ್ಡು ಹಾಕುವುದೇಕೆ ಎಂದು ಕೇಳಿಕೊಳ್ಳಿ. ಸಾಲ ಹೆಚ್ಚಿದ್ದಾಗಲೂ ಈ ಅಂಕಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಎರಡನೆಯದರ ಜೊತೆ ಸೇರಿಸಿಯೇ ಇದನ್ನು ಓದಬೇಕು.

ಇದೆಲ್ಲ ಎಲ್ಲಿ ಸಿಗುತ್ತದೆ?

ಮುಂಬೈ ಷೇರುಪೇಟೆ ಬಿಎಸ್‌ಇ ಮತ್ತು ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಎಲ್ಲವೂ ಉಚಿತವಾಗಿ ಸಿಗುತ್ತದೆ. ತ್ರೈಮಾಸಿಕ ಫಲಿತಾಂಶವನ್ನು ಮೂರು ತಿಂಗಳು ಮುಗಿದ 45 ದಿನದೊಳಗೆ, ವಾರ್ಷಿಕ ಫಲಿತಾಂಶವನ್ನು 60 ದಿನದೊಳಗೆ ಕಂಪನಿ ಸಲ್ಲಿಸಬೇಕು ಎಂಬುದು ಸೆಬಿ ನಿಯಮ. ಅಂಗಸಂಸ್ಥೆಗಳಿರುವ ಕಂಪನಿಯಾದರೆ ಎಲ್ಲ ಸೇರಿಸಿದ ‘ಕನ್ಸಾಲಿಡೇಟೆಡ್’ ಲೆಕ್ಕವನ್ನೇ ನೋಡಿ.

ಅದೇ ತಾಣದಲ್ಲಿ ಇನ್ನೂ ಮೂರು ಸಂಗತಿ ಗಮನಿಸಿ:

- ಷೇರುದಾರರ ವಿವರ: ಕಂಪನಿ ಕಟ್ಟಿದ ಪ್ರವರ್ತಕರ ಪಾಲು ಎಷ್ಟು? ಪ್ರತಿ ಮೂರು ತಿಂಗಳಿಗೆ ಇಳಿಯುತ್ತಿದೆಯೇ? ತಮ್ಮ ಷೇರನ್ನು ಅಡವಿಟ್ಟು ಸಾಲ ಪಡೆದಿದ್ದಾರೆಯೇ?
- ಕಂಪನಿಯ ಪ್ರಕಟಣೆಗಳು: ‘ಭಾರಿ ಆರ್ಡರ್’ ಸಿಕ್ಕಿದ್ದರೆ ಷೇರುಪೇಟೆಗೆ ತಿಳಿಸಲೇಬೇಕು. ಇಲ್ಲಿ ಇಲ್ಲದ ಆರ್ಡರ್ ವಾಟ್ಸಾಪ್‌ನಲ್ಲಿ ಮಾತ್ರ ಇದೆ ಎಂದರೆ ಏನರ್ಥ, ನೀವೇ ಊಹಿಸಿ.
- ಲೆಕ್ಕಪರಿಶೋಧಕರ ವರದಿ: ವಾರ್ಷಿಕ ವರದಿಯಲ್ಲಿರುತ್ತದೆ. ಪರಿಶೋಧಕರು ಆಕ್ಷೇಪ ಎತ್ತಿದ್ದಾರೆಯೇ, ನಡುವೆಯೇ ರಾಜೀನಾಮೆ ಕೊಟ್ಟು ಹೋಗಿದ್ದಾರೆಯೇ ನೋಡಿ.

‘ಇನ್ನೂ ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಕಳಿಸಿ’ ಎಂಬ ಸಾಲಿನಲ್ಲೇ ಒಂದು ತಮಾಷೆ ಇದೆ. ಎಲ್ಲರಿಗೂ ತಲುಪಿದ ಸುದ್ದಿ ಗುಟ್ಟಾಗಿ ಉಳಿಯುವುದಿಲ್ಲ. ನಿಜಕ್ಕೂ ಕಂಪನಿಯ ಒಳಗಿನ, ಇನ್ನೂ ಪ್ರಕಟವಾಗದ ಮಾಹಿತಿಯಾಗಿದ್ದರೆ ಅದನ್ನು ಹಿಡಿದು ಷೇರು ಕೊಳ್ಳುವುದು ಕಾನೂನಿನಲ್ಲಿ ಅಪರಾಧ.

ಅಂಕಿಗಳೂ ಸುಳ್ಳು ಹೇಳಬಹುದು

ಲೆಕ್ಕಪತ್ರ ಓದಿದರೆ ಸಾಕು, ಮೋಸ ಹೋಗುವುದಿಲ್ಲ ಎಂದು ನಾವು ಹೇಳಿದರೆ ಅದೂ ಒಂದು ಸುಳ್ಳು ಫಾರ್ವರ್ಡ್ ಆಗುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ದೇಶದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಂದಾಗಿತ್ತು. ಲಾಭ, ನಗದು ಎಲ್ಲವೂ ಕಾಗದದ ಮೇಲೆ ಚೆನ್ನಾಗಿತ್ತು. ಉತ್ತಮ ಆಡಳಿತಕ್ಕಾಗಿ ಪ್ರಶಸ್ತಿಯೂ ಬಂದಿತ್ತು. 2009ರ ಜನವರಿ 7ರಂದು ಅಧ್ಯಕ್ಷ ಬಿ. ರಾಮಲಿಂಗ ರಾಜು ಪತ್ರ ಬರೆದು, ಪುಸ್ತಕದಲ್ಲಿರುವ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಲೆ ಕಳೆದುಕೊಂಡಿತು.

ಅದಕ್ಕೂ ಮೊದಲು ಕೆಲವು ಸುಳಿವುಗಳು ಸಿಕ್ಕಿದ್ದವು. 2008ರ ಡಿಸೆಂಬರ್‌ನಲ್ಲಿ ಅದೇ ಕುಟುಂಬಕ್ಕೆ ಸೇರಿದ ಮೇಟಾಸ್ ಎಂಬ ಎರಡು ಕಂಪನಿಗಳನ್ನು ಸತ್ಯಂ ಹಣದಿಂದ ಕೊಳ್ಳಲು ಹೊರಟು, ಷೇರುದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟಿದ್ದರು. ಪ್ರವರ್ತಕರ ಷೇರುಗಳು ಅಡಮಾನದಲ್ಲಿರುವುದೂ ಹೊರಬಂದಿತ್ತು. ಹಾಗಿದ್ದರೂ ಸಾಮಾನ್ಯ ಹೂಡಿಕೆದಾರರು ಆ ಸುಳ್ಳು ನಗದನ್ನು ಮನೆಯಲ್ಲಿ ಕೂತು ಕಂಡುಹಿಡಿಯುವುದು ಕಷ್ಟವಿತ್ತು. ಆದ್ದರಿಂದಲೇ ಒಂದೇ ಕಂಪನಿಯಲ್ಲಿ ಎಲ್ಲ ದುಡ್ಡನ್ನೂ ಹಾಕಬಾರದು ಎಂಬ ಹಳೆಯ ಮಾತು. ಅಧ್ಯಯನದಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಫಾರ್ವರ್ಡ್ ಕಳಿಸುವವರಿಗೆ ಏನು ಲಾಭ?

2022ರಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಚಿಕ್ಕ ಕಂಪನಿಯ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊಗಳು ಬಂದವು. ಅದಾನಿ ಸಮೂಹ ಈ ಕಂಪನಿಯನ್ನು ಕೊಳ್ಳಲಿದೆ ಎಂಬಂಥ ಸುಳ್ಳು ಸುದ್ದಿ ಅವುಗಳಲ್ಲಿತ್ತು. 2023ರ ಮಾರ್ಚ್‌ನಲ್ಲಿ ಸೆಬಿ ಹೊರಡಿಸಿದ ಮಧ್ಯಂತರ ಆದೇಶದ ಪ್ರಕಾರ, ವಿಡಿಯೊ ಹರಡಲು ಹಣ ಕೊಟ್ಟು ಪ್ರಚಾರ ಮಾಡಲಾಗಿತ್ತು. ಎರಡು ಸಾವಿರದಷ್ಟಿದ್ದ ಸಣ್ಣ ಷೇರುದಾರರ ಸಂಖ್ಯೆ 55 ಸಾವಿರ ದಾಟಿತು. ಅವರೆಲ್ಲ ಕೊಳ್ಳುತ್ತಿದ್ದಾಗ, ಮೊದಲೇ ಷೇರು ಹಿಡಿದಿದ್ದ ದೊಡ್ಡವರು ಏರಿದ ಬೆಲೆಗೆ ಮಾರುತ್ತಿದ್ದರು.

ನಾವು ಕೊಳ್ಳಬೇಕೆಂದರೆ ಎದುರಿಗೆ ಯಾರೋ ಒಬ್ಬರು ಮಾರುತ್ತಿರಬೇಕು. ‘900 ಆಗುತ್ತದೆ’ ಎಂಬ ಷೇರನ್ನು ಅವರು 9 ರೂಪಾಯಿಗೆ ಏಕೆ ಬಿಟ್ಟುಕೊಡುತ್ತಿದ್ದಾರೆ? ನಮ್ಮ ಮನೆಯವರೇ ಕಳಿಸಿದ ಫಾರ್ವರ್ಡ್ ಆದರೂ ಅದು ಹುಟ್ಟಿದ್ದು ನಮ್ಮ ಮನೆಯಲ್ಲಲ್ಲ ಎಂಬುದು ನೆನಪಿರಲಿ.

ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಸಂಶೋಧನಾ ವಿಶ್ಲೇಷಕರ ನೋಂದಣಿ ಸಂಖ್ಯೆ ‘ಐಎನ್‌ಎಚ್’ ಎಂದೂ, ಹೂಡಿಕೆ ಸಲಹೆಗಾರರದು ‘ಐಎನ್‌ಎ’ ಎಂದೂ ಶುರುವಾಗುತ್ತದೆ. ಸಂಖ್ಯೆ ಹೇಳಿದರೆಂದು ನಂಬದೆ ಸೆಬಿ ಜಾಲತಾಣದಲ್ಲಿ ಹಾಕಿ ನೋಡಿ, ಬೇರೆಯವರ ಸಂಖ್ಯೆ ಕದ್ದು ಬಳಸುವವರೂ ಇದ್ದಾರೆ. ನೋಂದಾಯಿತರಾದರೂ ‘ಖಚಿತ ಲಾಭ’ ಎಂದು ಭರವಸೆ ಕೊಡುವಂತಿಲ್ಲ. ವಾಟ್ಸಾಪ್ ಗ್ರೂಪಿಗೆ ಸೇರಿಸಿ ಯಾವುದೋ ಲಿಂಕ್‌ನಿಂದ ಟ್ರೇಡಿಂಗ್ ಆ್ಯಪ್ ಹಾಕಿಸಿಕೊಳ್ಳಿ ಎಂದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನೋಂದಾಯಿತ ಬ್ರೋಕರ್ ಅಥವಾ ಕಂಪನಿಯ ಮೇಲಿನ ದೂರಿಗೆ ಸೆಬಿಯ ‘ಸ್ಕೋರ್ಸ್’ ತಾಣವಿದೆ.

ಇದು ದಿನದ ಆಟಕ್ಕೆ ಅಲ್ಲ

ಫಂಡಮೆಂಟಲ್ ಅನಾಲಿಸಿಸ್ ಕಲಿತರೆ ನಾಳೆ ಬೆಳಿಗ್ಗೆ ಯಾವ ಷೇರು ಏರುತ್ತದೆ ಎಂದು ಗೊತ್ತಾಗುವುದಿಲ್ಲ. ಹಲವು ವರ್ಷ ಹಿಡಿದಿಡುವ ಹೂಡಿಕೆಗೆ ಅದು ನೆರವಾಗುತ್ತದೆ. ಅದನ್ನೂ ಫ್ಯೂಚರ್ಸ್-ಆಪ್ಷನ್ಸ್ ವಹಿವಾಟನ್ನೂ ಒಂದೇ ಎಂದು ತಿಳಿಯಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ, 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಆ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು. ನಷ್ಟವಾದವರು ಸರಾಸರಿ ಕಳೆದುಕೊಂಡದ್ದು ಸುಮಾರು 2 ಲಕ್ಷ ರೂಪಾಯಿ.

ಫೀಸು, ಮದುವೆ, ಆಸ್ಪತ್ರೆಗೆಂದು ಒಂದೆರಡು ವರ್ಷದಲ್ಲಿ ಬೇಕಾಗುವ ಹಣವನ್ನು ಒಂದು ಷೇರಿನ ಮೇಲೆ ಇಡುವುದು, ಕಂಪನಿ ಎಷ್ಟೇ ಒಳ್ಳೆಯದಿದ್ದರೂ, ಅಪಾಯವೇ. ಒಳ್ಳೆಯ ಕಂಪನಿಯ ಷೇರೂ ವರ್ಷಗಟ್ಟಲೆ ಕೆಳಗೆ ಮಲಗಿರಬಹುದು. ಕಾಲೇಜಿನ ಫೀಸಿಗೆ ಮಾತ್ರ ಕೊನೆಯ ದಿನಾಂಕ ಇರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ಆರು ಪ್ರಶ್ನೆ

1. ಈ ಕಂಪನಿ ಏನು ಮಾರುತ್ತದೆ? ಎರಡು ಸಾಲಿನಲ್ಲಿ ಹೇಳಬಲ್ಲಿರಾ?
2. ಕಳೆದ ಐದು ವರ್ಷ ವ್ಯಾಪಾರ, ಲಾಭ ಹೇಗಿದೆ?
3. ಸಾಲ ಎಷ್ಟು? ವ್ಯವಹಾರದಿಂದ ನಗದು ಬರುತ್ತಿದೆಯೇ?
4. ಪ್ರವರ್ತಕರು ಪಾಲು ಮಾರುತ್ತಿದ್ದಾರೆಯೇ, ಅಡವಿಟ್ಟಿದ್ದಾರೆಯೇ?
5. ಸಂದೇಶದಲ್ಲಿರುವ ‘ಸುದ್ದಿ’ ಷೇರುಪೇಟೆಯ ತಾಣದಲ್ಲಿ ಇದೆಯೇ?
6. ಈ ಹಣ ಪೂರ್ತಿ ಹೋದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತದೆ?

ಕೊನೆಗೆ

ದಾವಣಗೆರೆಯ ಓದುಗರ ಜೊತೆ ನಾವು ಫೋನಿನಲ್ಲಿ ಮಾತಾಡುತ್ತಾ ಆ ಕಂಪನಿಯ ಪುಟವನ್ನು ತೆರೆದೆವು. ಹೆಸರು ಇಲ್ಲಿ ಬೇಡ. ಹೇಳಿದ ಆರ್ಡರ್ ಬಗ್ಗೆ ಒಂದು ಪ್ರಕಟಣೆಯೂ ಇರಲಿಲ್ಲ. ಮೂರು ವರ್ಷದಿಂದ ನಷ್ಟ. ಪ್ರವರ್ತಕರ ಪಾಲು ಪ್ರತಿ ತ್ರೈಮಾಸಿಕದಲ್ಲೂ ಕರಗುತ್ತಿತ್ತು. ಆ ಷೇರು ಏರುವುದೇ ಇಲ್ಲ ಎಂದು ನಾವು ಹೇಳಲಿಲ್ಲ, ಅದು ನಮಗೂ ತಿಳಿಯದು. ಏರುತ್ತದೆ ಎನ್ನಲು ಸಂದೇಶದಲ್ಲಿ ಕೊಟ್ಟ ಕಾರಣ ಮಾತ್ರ ಎಲ್ಲೂ ಕಾಣಲಿಲ್ಲ ಎಂದೆವು.

ಅವರು ಗ್ರೂಪಿನಲ್ಲಿ ‘ಇದು ಸುಳ್ಳು’ ಎಂದು ಬರೆಯಲಿಲ್ಲ. “ಭಾವ, ಪ್ರೊಮೋಟರ್‌ಗಳೇ ಮಾರ್ತಾ ಇದ್ದಾರಲ್ಲ, ಯಾಕಿರಬಹುದು? ನೀವೊಮ್ಮೆ ನೋಡಿ ಹೇಳ್ತೀರಾ?” ಎಂದು ಕೇಳಿ, ಷೇರುದಾರರ ವಿವರದ ಸ್ಕ್ರೀನ್‌ಶಾಟ್ ಹಾಕಿದರಂತೆ. ಭಾವ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಫೋನ್ ಮಾಡಿ, “ಅದು ಎಲ್ಲಿ ಸಿಕ್ತಮ್ಮ ನಿನಗೆ, ನನಗೂ ತೋರಿಸು” ಎಂದರಂತೆ.

ಫೀಸಿನ 80 ಸಾವಿರ ಬ್ಯಾಂಕಿನಲ್ಲೇ ಇದೆ. ನಿಮ್ಮ ಗ್ರೂಪಿಗೂ ಇಂಥ ಸಂದೇಶ ಬಂದರೆ, ಕಳಿಸಿದವರ ಮೇಲೆ ಸಿಟ್ಟು ಮಾಡಿಕೊಳ್ಳದೆ ಮೇಲಿನ ಆರರಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ.